ಕಪ್ಪಾಗಿ ನಿಂತ ಕೆಂಪು ಸೀರೆ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಒಂದು ಮನೆಯ ಗೋಡೆಯ ಮೇಲೆ ಮದುವೆಯ ಹಳೆಯ ಪಟವೊಂದನ್ನು ಕಂಡೆವು. ವಧುವಿನ ಸೀರೆ ಕಾಡಿಗೆಯಂತೆ ಕಪ್ಪು. ಹಣೆಯ ಕುಂಕುಮವೂ ಕಪ್ಪು. ಮನೆಯ ಹುಡುಗಿಯು, “ಮುತ್ತಜ್ಜಿ ಮದುವೆಗೆ ಕರೀ ಸೀರೆ ಉಟ್ಟಿದ್ದರೇನಜ್ಜಿ?” ಎಂದು ಕೇಳಿದಳು. ಅಜ್ಜಿ ನಕ್ಕು, “ಎಲ್ಲಿಯ ಕರಿ! ಅದು ಮೊಳಕಾಲ್ಮೂರಿನ ಕೆಂಪು ರೇಷ್ಮೆ. ನಮ್ಮವ್ವನ ಪೆಟ್ಟಿಗೆಯಲ್ಲಿ ನಾನೇ ಕಂಡಿದ್ದೇನೆ” ಎಂದರು.

ಹಾಗಾದರೆ ಪಟ ಸುಳ್ಳಾಡಿತೆ? ಆಡಿತೆಂದೇ ನಮ್ಮ ಅಭಿಪ್ರಾಯ. ಹಿಂದಿನ ಛಾಯಾಫಲಕಗಳಿಗೆ ನೀಲಿ ಮತ್ತು ಊದಾ ಬೆಳಕು ಚೆನ್ನಾಗಿ ತಾಕುತ್ತಿದ್ದಿತು. ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲವೆನ್ನಬಹುದು. ಆದುದರಿಂದ ನೀಲಿ ಆಕಾಶ ಬೆಳ್ಳಗಾಗಿ ಬಿದ್ದಿತು, ಕೆಂಪೆಲ್ಲವೂ ಕಪ್ಪಾಯಿತು. ಅವುಗಳನ್ನು ನೋಡಿ ಬೆಳೆದ ನಾವು ನಮ್ಮ ಹಿರಿಯರ ಕಾಲವೇ ಮಂಕುಕವಿದುದೆಂದು ಎಣಿಸಿಕೊಂಡೆವು. ಈ ಸೀಮೆಯ ಕರಿಯ ಕಂಬಳಿಯೊಂದೇ ಪಟದಲ್ಲಿ ಇದ್ದಂತೆ ಬಂದಿರಬೇಕು!

ಈ ಭ್ರಮೆಯನ್ನು ಮುರಿದವರಲ್ಲಿ ಫ್ರಾನ್ಸ್ ದೇಶದ ಲುಮಿಯೇರ್ ಸಹೋದರರು ಮುಖ್ಯರು. 1907ರಲ್ಲಿ ಅವರು ಮಾರಾಟಕ್ಕೆ ತಂದ ‘ಆಟೋಕ್ರೋಮ್’ ಫಲಕದ ಗುಟ್ಟು ಅಡಿಗೆಮನೆಯ ಆಲೂಗೆಡ್ಡೆಯಲ್ಲಿದ್ದಿತು. ಅದರ ಗಂಜಿಪುಡಿಯ ಅತಿಸೂಕ್ಷ್ಮ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೀಲಿಯೂದಾ ಬಣ್ಣ ಕಟ್ಟಿ, ಬೆರೆಸಿ, ಗಾಜಿನ ಮೇಲೆ ಒಂದೇ ಪದರವಾಗಿ ಹರಡುತ್ತಿದ್ದರು. ಅದರ ಮೇಲೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಲೇಪ. ಬೆಳಕು ಕಣಗಳ ಮೂಲಕ ಹಾದು ಲೇಪಕ್ಕೆ ತಾಕುವುದು. ಸಂಸ್ಕರಿಸಿದ ಗಾಜನ್ನು ಬೆಳಕಿಗೆ ಹಿಡಿದರೆ ಬಣ್ಣದ ಲೋಕ ಕಣ್ಣೆದುರು ನಿಲ್ಲುವುದು.

ಆಲ್ಬರ್ಟ್ ಕಾನ್ ಎಂಬ ಪ್ಯಾರಿಸಿನ ಸಾಹುಕಾರನು 1909ರಿಂದ 1931ರವರೆಗೆ ನಾನಾ ದೇಶಗಳಿಗೆ ಛಾಯಾಗ್ರಾಹಕರನ್ನು ಕಳುಹಿಸಿ ಇಂತಹ ಸುಮಾರು 72,000 ಫಲಕಗಳನ್ನು ಕೂಡಿಸಿದನು. ಅವರಲ್ಲೊಬ್ಬನಾದ ಸ್ಟೆಫಾನ್ ಪಾಸ್ಸೆ 1913-14ರಲ್ಲಿ ಭಾರತಕ್ಕೂ ಬಂದಿದ್ದನು. ನೂರು ವರ್ಷ ಹಿಂದಿನ ಮನುಷ್ಯರನ್ನು ಬಣ್ಣದಲ್ಲಿ ನೋಡಿದಾಗ, ಇವರು ಚರಿತ್ರೆಯವರಲ್ಲ, ಪಕ್ಕದ ಬೀದಿಯವರು ಎನಿಸುವುದು.

ಆದರೆ ಬಣ್ಣಕ್ಕೂ ತನ್ನದೇ ವಂಚನೆಯುಂಟು. ಒಳ್ಳೆಯ ಬಿಸಿಲಿನಲ್ಲಿಯೂ ಆಟೋಕ್ರೋಮಿಗೆ ಒಂದೆರಡು ಸೆಕೆಂಡು ಬೇಕು. ಆದುದರಿಂದ ಅಲುಗದೆ ನಿಂತವರಷ್ಟೇ ಸಿಕ್ಕರು. ಮಗ್ಗದಲ್ಲಿ ಓಡುವ ಲಾಳಿ, ಕಾವಲಿನಲ್ಲಿ ಚೆದರುವ ಕುರಿ, ಇವು ಅದಕ್ಕೆ ದಕ್ಕುವವಲ್ಲ. ಬಣ್ಣ ಕೈಗೆ ಬಂದವನು ಬಣ್ಣದ ಉಡುಪಿನವರನ್ನೇ ಅರಸುವುದೂ ಸಹಜವಷ್ಟೆ. ಕಂಬಳಿ ಹೊದ್ದವನ ಕಡೆಗೆ ಅವನ ಕಣ್ಣು ತಿರುಗೀತೆ?

ಇನ್ನು ಈಗಿನ ಯಂತ್ರಗಳ ಮಾತು. ಕಪ್ಪುಬಿಳುಪಿನ ಪಟಕ್ಕೆ ಅವು ಕ್ಷಣದಲ್ಲಿ ಬಣ್ಣ ತುಂಬುವುವು. ಆದರೆ ಅದು ಊಹೆ, ಸಾಕ್ಷ್ಯವಲ್ಲ. ಕೆಂಪು ಕಪ್ಪಾಗಿ ನಿಂತಲ್ಲಿ ಒಳಗೆ ಕೆಂಪಿತ್ತೆಂದು ಯಂತ್ರಕ್ಕೆ ಹೇಳುವವರಾರು? ನಮ್ಮೆದುರಿಗೇ ಹುಡುಗಿಯು ಮೊಬೈಲಿನಲ್ಲಿ ಆ ಪಟಕ್ಕೆ ಬಣ್ಣ ಹಾಕಿಸಿದಳು. ಸೀರೆ ಕಡುನೀಲಿಯಾಗಿ ಬಂದಿತು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇದು ಯಾರ ಮನೆಯ ಮದುವೆ?” ಎಂದರು.

ಹುಡುಗಿ ಪಟವನ್ನು ಗೋಡೆಯಿಂದ ಇಳಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಳು: ಸೀರೆ ಕೆಂಪು, ಅಂಚು ಹಸಿರು. ಕುಪ್ಪಸದ ಬಣ್ಣ ಯಾವುದೆಂದು ಕೇಳಿದಾಗ ಅಜ್ಜಿಗೆ ನೆನಪಾಗಲಿಲ್ಲ.