ಬೇಳೆಯೊಡೆದಾಗ ಕಂಡ ಗಿಡ

ಮಾಗಿಯ ಚಳಿ ಹಳೆಯ ಮೈಸೂರು ಸೀಮೆಯ ಮನೆಗಳನ್ನು ಹೊಕ್ಕಿತೆಂದರೆ ಅದರ ಬೆನ್ನಿಗೇ ಸೊಗಡವರೆಯ ಕಾಯಿಯೂ ಮೊರಮೊರವಾಗಿ ಒಳಗೆ ಬರುತ್ತದೆ. ಹಗಲೆಲ್ಲ ಕುಳಿತು ಬಿಡಿಸಿದ ಕಾಳನ್ನು ಇರುಳು ನೀರಿಗೆ ಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲನೆ ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರಿಬೀಳುವ ಆ ಕೆಲಸವನ್ನು ನೋಡದೆ ಬೆಳೆದವರು ನಮ್ಮ ಕಡೆ ಇರಲಾರರು. ಚಿಕ್ಕಂದಿನಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ನಾನೂ ಹಿದುಕಿದ್ದುಂಟು. ಒಂದೊಂದು ಸಲ ಬೆರಳಿನ ಒತ್ತಡ ಹೆಚ್ಚಾಗಿ ಬೇಳೆ ಎರಡು ಹೋಳಾದಾಗ, ಅವುಗಳ ನಡುವಿನಿಂದ ಉಗುರಿನ ಚೂರಿನಷ್ಟು ಸಣ್ಣದಾದ, ಕೊಕ್ಕಿನಂತೆ ಬಾಗಿದ ವಸ್ತುವೊಂದು ಹೊರಬೀಳುತ್ತಿತ್ತು. ಅದನ್ನು ಸಿಪ್ಪೆಯೊಡನೆ ಎಸೆದುಬಿಡುತ್ತಿದ್ದೆ. ಹಾಗೆ ಎಸೆದದ್ದೇ ಗಿಡವೆಂದೂ, ಸಾರಿಗೆ ಬಿದ್ದದ್ದು ಅದರ ಬುತ್ತಿಯೆಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಕೊಕ್ಕನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಬೇಕು. ಅದರ ಒಂದು ತುದಿ ಚೂಪಾಗಿ ನುಣುಪಾಗಿದೆ. ಇನ್ನೊಂದು ತುದಿಯಲ್ಲಿ, ಕೈಮುಗಿದಂತೆ ಒಂದರ ಮೇಲೊಂದು ಮಡಿಸಿಕೊಂಡ ಎರಡು ಎಲೆಗಳು, ನರಗಳ ಗುರುತು ಸಹಿತವಾಗಿ, ಈಗಾಗಲೇ ಸಿದ್ಧವಾಗಿವೆ. ಚೂಪಾದದ್ದು ಬೇರಾಗತಕ್ಕದ್ದು; ಎಲೆ ಮುಚ್ಚಿಕೊಂಡದ್ದು ಸುಳಿ. ಎರಡು ಹೋಳು ಬೇಳೆಗಳಾದರೋ ಈ ಸಸಿಯ ಮೊದಲ ಎಲೆಗಳೇ, ಆಹಾರವನ್ನು ತುಂಬಿಕೊಂಡು ಎಲೆಯ ರೂಪವನ್ನೇ ಮರೆತ ಬೀಜದಳಗಳು. ಕಾಳಿನ ಅಂಚಿನಲ್ಲಿ ಕಾಣುವ ಬೆಳ್ಳನೆಯ ಗೆರೆ, ಅದು ಕಾಯಿಯೊಳಗೆ ತಾಯಿಗಿಡಕ್ಕೆ ಅಂಟಿಕೊಂಡಿದ್ದ ಸ್ಥಳ. ನಮ್ಮ ಹೊಕ್ಕುಳು ಇದ್ದಂತೆ.

ಆಷಾಢದ ಹದಮಳೆ ಬಿದ್ದು, ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಈ ಕಾಳು ಬಿದ್ದಿತೆನ್ನಿ. ಕಾಳು ತಲೆಕೆಳಗಾಗಿ ಬಿದ್ದರೂ ಮಗ್ಗುಲಾಗಿ ಬಿದ್ದರೂ ಬೇರು ಭೂಮಿಯ ಸೆಳೆತವನ್ನು ಅರಿತು ಕೆಳಕ್ಕೇ ತಿರುಗುತ್ತದೆ, ಕಾಂಡ ಮೇಲಕ್ಕೇ ಏಳುತ್ತದೆ. ಏಳುವಾಗಲೂ ಮೆತ್ತನೆಯ ಸುಳಿಯನ್ನು ಮುಂದೆ ಮಾಡಿ ಮಣ್ಣಿಗೆ ತಾಗಿಸದೆ, ಕಾಂಡವು ಕೊಡೆಯ ಹಿಡಿಯಂತೆ ಬಾಗಿ, ಆ ಬಾಗಿನಿಂದ ಮಣ್ಣನ್ನು ಒಡೆದು, ಅನಂತರ ನೆಟ್ಟಗಾಗಿ ಎರಡು ಬೇಳೆಗಳನ್ನೂ ನೆಲದ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ದಿನಗಳೆದಂತೆ ಬೇಳೆಗಳು ಸೊರಗಿ ಉದುರುತ್ತವೆ. ಅಷ್ಟರಲ್ಲಿ ಎಲೆಗಳು ಹಸುರಾಗಿ ಬಿಸಿಲನ್ನೂ ಗಾಳಿಯನ್ನೂ ನೀರನ್ನೂ ಕೂಡಿಸಿ ಸಕ್ಕರೆ ಮಾಡುವ ತಮ್ಮ ಉದ್ಯೋಗವನ್ನು ಹಿಡಿದಿರುತ್ತವೆ. ಅದೇ ಹೊಲದ ರಾಗಿಯ ಸಸಿಯಲ್ಲಿ ಈ ಯಾವ ಆಡಂಬರವೂ ಇಲ್ಲ. ಅದರ ಬೀಜದಳ ಒಂದೇ. ಅದೂ ಕಾಳಿನೊಳಗೇ ಉಳಿದು, ಪಕ್ಕದಲ್ಲಿರುವ ಹಿಟ್ಟನ್ನು ಕರಗಿಸಿ ಮೊಳಕೆಗೆ ಉಣಿಸುತ್ತದೆ. ನೆಲದ ಮೇಲೆ ಬರುವುದು ಸೂಜಿಯಂಥ ಒಂದು ಹಸುರು ಮೊನೆ ಮಾತ್ರ.

ಏಕದಳ ಧಾನ್ಯ, ದ್ವಿದಳ ಧಾನ್ಯವೆಂದು ನಮ್ಮ ರೈತನೂ ದಿನಸಿ ಅಂಗಡಿಯವನೂ ದಿನಂಪ್ರತಿ ಆಡುವ ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ದೊಡ್ಡ ವಿಭಾಗ ಅಡಗಿದೆ. ಒಂದು ಬೇಳೆಯೋ ಎರಡು ಬೇಳೆಯೋ ಎಂಬ ಈ ಅಲ್ಪಭೇದವು ಗಿಡದ ಉಳಿದ ಅಂಗಗಳನ್ನೂ ಬಹುಮಟ್ಟಿಗೆ ಹಿಂಬಾಲಿಸಿ ನಡೆಯುತ್ತದೆ. ಅವರೆಯನ್ನು ಕಿತ್ತರೆ ಒಂದು ತಾಯಿಬೇರೂ ಅದರ ಕವಲುಗಳೂ ಕಾಣುತ್ತವೆ. ರಾಗಿಯನ್ನು ಕಿತ್ತರೆ ಜಡೆಯ ಹಾಗೆ ಒಂದು ಕಂತೆ ಬೇರು. ಅವರೆಯ ಎಲೆಯಲ್ಲಿ ನರಗಳು ಬಲೆಯಂತೆ ಹೆಣೆದುಕೊಂಡಿವೆ. ರಾಗಿಯ ಗರಿಯಲ್ಲಿ ಬುಡದಿಂದ ತುದಿಯವರೆಗೆ ಒಂದರ ಮಗ್ಗುಲಲ್ಲೊಂದು ಓಡಿವೆ. ದ್ವಿದಳದ ಹೂವಿನಲ್ಲಿ ಎಸಳುಗಳು ಸಾಮಾನ್ಯವಾಗಿ ಐದು ಅಥವಾ ನಾಲ್ಕು. ಏಕದಳದಲ್ಲಿ ಮೂರು ಅಥವಾ ಅದರ ಇಮ್ಮಡಿ.

ಆದರೆ ಈ ಭೇದಗಳ ಕೆಳಗೆ ಎರಡಕ್ಕೂ ಸಮಾನವಾದ ಒಂದು ಸೂತ್ರವಿದೆ, ನನಗೆ ಅದೇ ಹೆಚ್ಚು ಆಶ್ಚರ್ಯಕರವಾಗಿ ತೋರುವುದು. ಗಿಡದಲ್ಲಿರುವುದು ಬೇರು, ಕಾಂಡ, ಎಲೆ ಎಂಬ ಮೂರೇ ಅಂಗಗಳು. ಕಾಂಡದಲ್ಲಿ ಗೆಣ್ಣು, ಗೆಣ್ಣಿನಲ್ಲಿ ಎಲೆ, ಎಲೆಯ ಕಂಕುಳಲ್ಲಿ ಒಂದು ಮೊಗ್ಗು. ಸುಳಿಯು ಈ ಒಂದು ಪಾಠವನ್ನೇ ಮತ್ತೆ ಮತ್ತೆ ಒಪ್ಪಿಸುತ್ತ ಮುಂದೆ ಸಾಗುತ್ತದೆ. ಈ ಸೂತ್ರವನ್ನು ಹಿಡಿದು ನೋಡಿದರೆ ಅಡಿಗೆಮನೆಯ ಎಷ್ಟೋ ಪದಾರ್ಥಗಳು ಬೇರೆಯಾಗಿಯೇ ಕಾಣುತ್ತವೆ. ಆಲೂಗೆಡ್ಡೆಯ ಮೈಮೇಲಿನ ಕಣ್ಣುಗಳು ಕಂಕುಳ ಮೊಗ್ಗುಗಳು, ಆದುದರಿಂದ ಅದು ನೆಲದೊಳಗಿನ ಕಾಂಡ. ಶುಂಠಿಯ ಮೇಲಿನ ಉಂಗುರಗಳು ಎಲೆ ಬಿದ್ದ ಗೆಣ್ಣುಗಳು, ಅದೂ ಕಾಂಡವೇ. ಗೆಣಸಿಗೆ ಗೆಣ್ಣಿಲ್ಲ, ಅದು ಬೇರು. ಈರುಳ್ಳಿ ಎಲೆಗಳ ಬುಡ. ಬಾಳೆಯ ಮರವೆಂದು ನಾವು ಕರೆಯುವ ಕಂಬವಾದರೂ ಒಂದನ್ನೊಂದು ಸುತ್ತಿಕೊಂಡ ಎಲೆಯ ಬುಡಗಳ ಕಟ್ಟು. ನಿಜವಾದ ಕಾಂಡ ಮಣ್ಣಿನಲ್ಲಿರುವ ಗೆಡ್ಡೆ. ಗೊನೆ ಹಾಕುವ ಕಾಲ ಬಂದಾಗ ಆ ಗೆಡ್ಡೆಯ ಸುಳಿಯೇ ಕಂಬದ ನಡುವೆ ಏರಿ ಬರುತ್ತದೆ. ಪಲ್ಯಕ್ಕೆ ಹೆಚ್ಚುವ ದಿಂಡು ಅದೇ. ಮೂತಿಯಾಗಿ ಹೊರಬಿದ್ದು ಹೂಬಿಟ್ಟ ಮೇಲೆ ಆ ಸುಳಿಗೆ ಮುಂದೆ ಬೆಳೆಯಲು ದಾರಿಯಿಲ್ಲ. ಗೊನೆ ಕಡಿದ ಬಾಳೆ ಸಾಯುವುದೂ, ಪಕ್ಕದ ಕಂದು ವಂಶವನ್ನು ಮುಂದುವರಿಸುವುದೂ ಇದರಿಂದಲೇ.

ಪ್ರಾಣಿಗಳ ಮೈ ಎಲ್ಲೆಡೆಯೂ ಒಟ್ಟಿಗೆ ಬೆಳೆಯುತ್ತದೆ. ಗಿಡ ಉದ್ದವಾಗುವುದು ಬಹುಮಟ್ಟಿಗೆ ತುದಿಗಳಲ್ಲಿ. ನಮ್ಮೂರಿನ ಶಾಲೆಯ ಹಿಂದೆ ಒಂದು ಹೊಂಗೆಯ ಮರವಿತ್ತು. ಅದರ ಮೈಮೇಲೆ ನನ್ನ ಎದೆಯ ಎತ್ತರಕ್ಕೆ ಹೆಸರು ಕೆತ್ತಿದ್ದೆ; ಆ ಎಳೆಯ ವಯಸ್ಸಿನಲ್ಲಿ ಅದು ಮರಕ್ಕೆ ಗಾಯವೆಂಬ ವಿವೇಕ ನನಗಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಹೋಗಿ ನೋಡಿದಾಗ ಮರ ಎರಡಾಳು ಹೆಚ್ಚು ಬೆಳೆದಿತ್ತು, ಅಕ್ಷರಗಳು ಮಾತ್ರ ಅದೇ ಎತ್ತರದಲ್ಲಿ, ಈಗ ನನ್ನ ಸೊಂಟದ ಮಟ್ಟದಲ್ಲಿ, ಅಗಲವಾಗಿ ಹಿಗ್ಗಿಕೊಂಡು ನಿಂತಿದ್ದವು. ಎತ್ತರ ಕುಡಿಯ ಕೆಲಸ. ದಪ್ಪವಾಗುವುದು ತೊಗಟೆಯ ಒಳಮೈಯಲ್ಲಿರುವ ತೆಳುವಾದ ಜೀವಂತ ಪದರದ ಕೆಲಸ. ಈ ಪದರ ಒಳಗಡೆಗೆ ನೀರನ್ನು ಒಯ್ಯುವ ಕಟ್ಟಿಗೆಯನ್ನೂ, ಹೊರಗಡೆಗೆ ಎಲೆಯ ಅಡಿಗೆಯನ್ನು ಇಳಿಸುವ ನಾಳಗಳನ್ನೂ ವರ್ಷವರ್ಷವೂ ಕಟ್ಟುತ್ತ ಹೋಗುತ್ತದೆ. ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ತೇಗವನ್ನು ಕೊಯ್ದರೆ ಈ ಕಟ್ಟಡದ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ.

ಅಡಕೆಗೂ ತೆಂಗಿಗೂ ಈ ಪದರವಿಲ್ಲ, ಅವು ಏಕದಳಗಳು. ಆದುದರಿಂದಲೇ ಮಾವಿಗೂ ಸಪೋಟಕ್ಕೂ ಕಸಿ ಕಟ್ಟಬಹುದು, ಎರಡು ಕೊಂಬೆಗಳ ಜೀವಂತ ಪದರಗಳು ಬೆಸೆದುಕೊಳ್ಳುತ್ತವೆ, ತೆಂಗಿಗೆ ಕಸಿಯೆಂಬುದಿಲ್ಲ. ಮಾವಿನ ಕೊಂಬೆ ಕಡಿದರೆ ಕೆಳಗಿನ ಮೊಗ್ಗು ಚಿಗುರುತ್ತದೆ. ಅಡಕೆಗೆ ಇರುವುದು ನೆತ್ತಿಯ ಸುಳಿಯೊಂದೇ. ಮಳೆಗಾಲದಲ್ಲಿ ಸುಳಿಕೊಳೆ ತಗುಲಿತೆಂದರೆ, ಬುಡವೂ ಕಾಂಡವೂ ಎಷ್ಟೇ ಗಟ್ಟಿಯಾಗಿರಲಿ, ಆ ಮರ ಹೋಯಿತೆಂದೇ ತೋಟದವರು ಕೈಬಿಡುತ್ತಾರೆ.

ಸುಳಿಗೆ ಉಳಿದ ಮೊಗ್ಗುಗಳ ಮೇಲೆ ಒಂದು ಬಗೆಯ ಯಜಮಾನಿಕೆಯಿದೆ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಪ್ರಕಟಿಸಿದ ಗ್ರಂಥದಲ್ಲಿ, ಹುಲ್ಲಿನ ಮೊಳಕೆಯ ತುದಿಗೆ ಸಣ್ಣ ಟೋಪಿ ತೊಡಿಸಿದರೆ ಅದು ಬೆಳಕಿನ ಕಡೆಗೆ ಬಾಗುವುದಿಲ್ಲವೆಂದೂ, ಬಾಗುವ ಸ್ಥಳ ಕೆಳಗಿದ್ದರೂ ಬೆಳಕನ್ನು ಅರಿಯುವುದು ತುದಿಯೆಂದೂ ತೋರಿಸಿದನು. ತುದಿಯಿಂದ ಕೆಳಗಿಳಿದು ಬರುವ ರಸವಿಶೇಷವೊಂದು ಇದಕ್ಕೆ ಕಾರಣವೆಂಬುದನ್ನು 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಸಸಿಗಳಿಂದ ಸ್ಥಿರಪಡಿಸಿದನು. ಅದೇ ಆಕ್ಸಿನ್. ಕಂಕುಳ ಮೊಗ್ಗುಗಳು ಸುಮ್ಮನೆ ಮಲಗಿರುವಂತೆ ತಡೆಯುವುದರಲ್ಲಿಯೂ ಅದರ ಕೈವಾಡವಿದೆ. ಕಲಬುರಗಿಯ ರೈತ ತೊಗರಿಯ ಕುಡಿ ಚಿವುಟುವಾಗ ಮಾಡುವುದು ಈ ಯಜಮಾನಿಕೆಯನ್ನು ತೆಗೆದುಹಾಕುವುದೇ. ಕುಡಿ ಹೋದೊಡನೆ ಮಗ್ಗುಲ ಮೊಗ್ಗುಗಳೆಲ್ಲ ಎಚ್ಚತ್ತು ಕವಲೊಡೆಯುತ್ತವೆ, ಕವಲು ಹೆಚ್ಚಿದಷ್ಟೂ ಕಾಯಿ ಹೆಚ್ಚು.

ಹೂವಿನ ಗಿಡಗಳಲ್ಲಿ ಸುಮಾರು ಮೂರು ಲಕ್ಷ ಪ್ರಭೇದಗಳಿವೆ. ಇಷ್ಟೊಂದು ಸಂಸಾರವನ್ನು ಗುರುತಿಟ್ಟು ಹೆಸರಿಡುವುದು ಹೇಗೆ? ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಹೆಸರನ್ನು ಕ್ರಮವಾಗಿ ಕೊಟ್ಟನು. ನಮ್ಮ ಅವರೆ ಆಗ ಡಾಲಿಕಾಸ್ ಲಬ್ಲಬ್ ಆಯಿತು, ಇಂದು ಲಬ್ಲಬ್ ಪರ್ಪ್ಯೂರಿಯಸ್ ಆಗಿದೆ. ಗಿಡಗಳನ್ನು 24 ವರ್ಗಗಳಲ್ಲಿ ಹಂಚುವಾಗ ಅವನು ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಿದನು. ಎಣಿಕೆ ಸುಲಭ, ಆದರೆ ಬಾಂಧವ್ಯಕ್ಕೆ ಎಣಿಕೆಯೇ ಪ್ರಮಾಣವಾಗಲಾರದು. ಭತ್ತಕ್ಕೆ ಆರು ಕೇಸರ, ಈರುಳ್ಳಿಗೆ ಆರು. ಆದುದರಿಂದ ಅವೆರಡೂ ಒಂದೇ ವರ್ಗದಲ್ಲಿ ಕುಳಿತವು. ಭತ್ತದ ಖಾಸಾ ದಾಯಾದಿಯಾದ ಕಬ್ಬು, ಕೇಸರ ಮೂರೇ ಇದ್ದುದರಿಂದ, ಬೇರೆ ಮನೆಗೆ ಹೋಯಿತು. ಅನಂತರದ ಪಂಡಿತರು ಒಂದು ಗುಣಕ್ಕೆ ಕಟ್ಟುಬೀಳದೆ ಹಲವು ಗುಣಗಳನ್ನು ಒಟ್ಟಿಗೆ ತೂಗಿದರು. 1862ರಿಂದ 1883ರವರೆಗೆ ಬೆಂಥಮ್ ಮತ್ತು ಹೂಕರ್ ಇಬ್ಬರೂ ಪ್ರಕಟಿಸಿದ ವರ್ಗೀಕರಣದ ಕ್ರಮ ನಮ್ಮ ದೇಶದ ಸಸ್ಯಸಂಗ್ರಹಾಲಯಗಳಲ್ಲಿ ಬಹುಕಾಲ ನಡೆದುಬಂದಿತು.

ಇಂಥ ಬಾಂಧವ್ಯವನ್ನು ಕಾಣಲು ಪಾಂಡಿತ್ಯವೇ ಬೇಕೆಂದಿಲ್ಲ. ದಾಸವಾಳ, ಬೆಂಡೆ, ಹತ್ತಿ ಈ ಮೂರರ ಹೂಗಳನ್ನು ಒಂದು ತಟ್ಟೆಯಲ್ಲಿಟ್ಟು ನೋಡಿರಿ. ಮೂರರಲ್ಲಿಯೂ ಕೇಸರಗಳು ಒಂದುಗೂಡಿ ಕೊಳವೆಯಾಗಿ, ಶಲಾಕೆಯ ದಂಡು ಆ ಕೊಳವೆಯೊಳಗಿಂದ ಹಾದು ತುದಿಯಲ್ಲಿ ಹೊರಗಿಣಿಕಿದೆ. ಒಂದು ದೇವರಿಗೆ, ಒಂದು ಊಟಕ್ಕೆ, ಒಂದು ಬಟ್ಟೆಗೆ ಸಂದಿದ್ದರೂ ಒಂದೇ ಕುಟುಂಬವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಣ್ಣು ಮೋಸಹೋಗುವುದೂ ಉಂಟು. 1998ರಿಂದೀಚೆಗೆ ಡಿಎನ್ಎಯ ಆಧಾರದಿಂದ ವರ್ಗೀಕರಣ ಮತ್ತೆ ರಚಿತವಾಗಿದೆ. ಏಕದಳಗಳು ಒಂದೇ ವಂಶವೆಂಬ ಮಾತು ಅದರಲ್ಲಿ ಊರ್ಜಿತವಾಯಿತು. ಆದರೆ ದ್ವಿದಳಗಳೆಂದು ಒಂದೇ ಚಪ್ಪರದಡಿ ಸೇರಿಸಿದ್ದ ನೈದಿಲೆ, ಸಂಪಿಗೆ, ಕರಿಮೆಣಸು ಇವು ಬಹು ಪೂರ್ವದಲ್ಲಿಯೇ ಕವಲೊಡೆದ ಬೇರೆ ಶಾಖೆಗಳೆಂದು ತಿಳಿದುಬಂದಿತು. ನಮ್ಮ ಕವಿಗಳು ಯುಗಯುಗಗಳಿಂದ ಜೊತೆಯಲ್ಲಿಯೇ ವರ್ಣಿಸಿದ ತಾವರೆ ನೈದಿಲೆಗಳು ಒಂದೇ ಕೊಳದಲ್ಲಿ ಬೆಳೆದರೂ ಹತ್ತಿರದ ನೆಂಟರಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಮರ ತಾವರೆಗೆ ನೈದಿಲೆಗಿಂತ ಸಮೀಪದ ಬಂಧು. ಇದನ್ನು ಮೊದಲು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮತ್ತೆ ಅಕ್ಕಡಿ ಸಾಲಿನ ಅವರೆಗೆ ಬರೋಣ. ನಾಟಿ ಅವರೆ ಮಳೆಗಾಲವೆಲ್ಲ ಬಳ್ಳಿಯಾಗಿ ಹಬ್ಬುತ್ತಿದ್ದರೂ ಹೂಬಿಡುವುದಿಲ್ಲ; ಹಗಲು ಕುಗ್ಗಿ ಇರುಳು ನೀಳವಾಗುವುದನ್ನು ಅದು ಕಾಯುತ್ತಿರುತ್ತದೆ. ಎಲೆಗಳು ಕತ್ತಲೆಯ ಉದ್ದವನ್ನು ಅಳೆದು ಸಂದೇಶ ಕಳುಹಿಸಿದ ಮೇಲೆಯೇ ಕಂಕುಳಲ್ಲಿ ಹೂಗೊಂಚಲು ಮೂಡುವುದು. ಅವರೆಗೆ ಮಾಗಿಯೇ ಕಾಲವಾದದ್ದು ಹೀಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಹೆಬ್ಬಾಳ ಅವರೆಯ ತಳಿಗಳಿಗೆ ಈ ಕಾಯುವಿಕೆಯಿಲ್ಲ, ಅವು ವರ್ಷದ ಯಾವ ಕಾಲದಲ್ಲಾದರೂ ಹೂಬಿಡುತ್ತವೆ.

ಹೂವೆಂಬುದು ಬೆಳವಣಿಗೆಯನ್ನು ನಿಲ್ಲಿಸಿದ ಕುಡಿ, ಅದರ ಭಾಗಗಳೆಲ್ಲ ಮಾರ್ಪಟ್ಟ ಎಲೆಗಳು. ಹೀಗೆಂದು 1790ರಲ್ಲಿ ಬರೆದವನು ಜರ್ಮನ್ ಕವಿ ಗಯಟೆ. ಅದನ್ನು ಕವಿಯ ಕಲ್ಪನೆಯೆನ್ನುವವರು ಎಸಳು ಒತ್ತೊತ್ತಾಗಿ ತುಂಬಿದ ದಾಸವಾಳವನ್ನು ಬಿಡಿಸಿ ನೋಡಬಹುದು: ಅರ್ಧ ಎಸಳಾಗಿ ಅರ್ಧ ಕೇಸರವಾಗಿಯೇ ಉಳಿದ, ಅಂಚಿನಲ್ಲಿ ಪರಾಗದ ಚೀಲ ಅಂಟಿಕೊಂಡ ತುಣುಕುಗಳು ನಡುವೆ ಸಿಕ್ಕುತ್ತವೆ. ಅವರೆಯ ಹೂವಿನಲ್ಲಿ ಎಸಳು ಐದು. ಒಂದು ಬಾವುಟದಂತೆ ನಿಂತಿದೆ, ಎರಡು ರೆಕ್ಕೆಗಳಾಗಿ ಚಾಚಿವೆ, ಉಳಿದೆರಡು ಕೂಡಿ ದೋಣಿಯಾಗಿವೆ. ದೋಣಿಯೊಳಗೆ ಹತ್ತು ಕೇಸರಗಳು, ಒಂಬತ್ತು ಒಂದುಗೂಡಿ, ಒಂದು ಬಿಡಿಯಾಗಿ. ಅವುಗಳ ನಡುವೆ ಎಳೆಯ ಕಾಯಿಯೇ ಆಗಿರುವ ಅಂಡಾಶಯ. ಪರಾಗದ ಕಣ ಶಲಾಕೆಯ ತುದಿಯಲ್ಲಿ ಮೊಳೆತು, ಕೂದಲಿಗಿಂತ ಸಣ್ಣದಾದ ನಾಳವನ್ನು ಒಳಕ್ಕೆ ಇಳಿಬಿಟ್ಟು, ಅಂಡಕಕ್ಕೆ ಎರಡು ಬೀಜಾಣುಗಳನ್ನು ತಲಪಿಸುತ್ತದೆ. ಒಂದರಿಂದ ಭ್ರೂಣ, ಇನ್ನೊಂದರಿಂದ ಆ ಭ್ರೂಣದ ಆಹಾರ. ಈ ಇಮ್ಮಡಿ ಸಂಯೋಗವನ್ನು 1898ರಲ್ಲಿ ಕಂಡವನು ರಷ್ಯದ ನವಾಶಿನ್. ರಾಗಿಯಲ್ಲಿ ಆ ಆಹಾರ ಹಿಟ್ಟಾಗಿ ಕಾಳಿನಲ್ಲಿಯೇ ಉಳಿಯುತ್ತದೆ. ಅವರೆಯಲ್ಲಿ ಕಾಳು ಬಲಿಯುವುದರೊಳಗೆ ಅದನ್ನೆಲ್ಲ ಬೇಳೆಗಳೇ ಹೀರಿಕೊಂಡಿರುತ್ತವೆ.

ಅಂಡಾಶಯದ ಗೋಡೆ ಕಾಯಿಯಾಗಿ ಬೀಜಗಳನ್ನು ಮುಚ್ಚಿಕೊಳ್ಳುವುದೇ ಹೂವಿನ ಗಿಡಗಳ ಲಕ್ಷಣ. ಪೈನ್ ಮರದ ಬೀಜಗಳಿಗೆ ಈ ಮುಚ್ಚಿಗೆಯಿಲ್ಲ, ಅವು ಹುರುಪೆಗಳ ಮೇಲೆ ಬಯಲಾಗಿಯೇ ಕುಳಿತಿರುತ್ತವೆ. ಅವರೆಯ ಕಾಯಿಯಾದರೋ ಉದ್ದಕ್ಕೆ ಮಡಿಸಿ ಅಂಚುಗಳನ್ನು ಹೊಲಿದ ಒಂದು ಎಲೆಯಂತಿದೆ. ಬೆನ್ನಿನ ಗೆರೆ ಎಲೆಯ ನಡುನರ, ಕಾಳು ಕಟ್ಟಿರುವ ಗೆರೆ ಅದರ ಎರಡು ಅಂಚುಗಳು ಕೂಡಿದ ಸ್ಥಳ. ಮುಂದಿನ ಮಾಗಿಯಲ್ಲಿ ಕಾಯಿ ಬಿಡಿಸಲು ಕುಳಿತಾಗ ಕಾಳುಗಳನ್ನು ಒಡನೆ ಕೆಡವದೆ, ಹೊಲಿಗೆಯನ್ನು ಉಗುರಿನಿಂದ ಸೀಳಿ, ಎರಡು ಹೋಳುಗಳನ್ನೂ ಮೆಲ್ಲನೆ ಅಗಲಿಸಿರಿ. ಒಂದು ಕಾಳು ಎಡದ ಹೋಳಿನ ಅಂಚಿಗೆ, ಅದರ ಮುಂದಿನದು ಬಲದ ಹೋಳಿನ ಅಂಚಿಗೆ, ಮತ್ತೊಂದು ಎಡಕ್ಕೆ, ಹೀಗೆ ಸರದಿಯ ಮೇಲೆ ಅಂಟಿಕೊಂಡಿರುವುದು ಕಾಣುತ್ತದೆ.