ಹಡಗು ಬರುವ ಮುನ್ನ

ದ್ವೀಪವೆಂದರೆ ಸುತ್ತಲೂ ನೀರಿರುವ ಭೂಭಾಗವೆಂದು ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಅಷ್ಟು ನೀರನ್ನು ದಾಟಿ ಸಾಂಕ್ರಾಮಿಕ ರೋಗ ಹೇಗೆ ತಾನೇ ಹೋದೀತು ಎಂದು ಹುಡುಗನೊಬ್ಬ ಕೇಳಿದ. ಉತ್ತರವಾಗಿ ಅವನಿಗೆ ಸಮೋವಾದ ವೃತ್ತಾಂತವನ್ನು ಹೇಳಿದೆ.

ಶಾಂತಸಾಗರದ ನಡುವಣ ಸಮೋವಾ ದ್ವೀಪಗಳ ಜನರು ಒಂದೇ ನುಡಿಯವರು, ಪರಸ್ಪರ ಬಂಧುಗಳು. 1899ರಲ್ಲಿ ಪರರಾಜ್ಯಗಳು ನಕ್ಷೆಯ ಮೇಲೊಂದು ಗೆರೆಯೆಳೆದು ಪಶ್ಚಿಮಭಾಗವನ್ನು ಜರ್ಮನಿಗೂ ಪೂರ್ವಭಾಗವನ್ನು ಅಮೆರಿಕಕ್ಕೂ ಹಂಚಿದವು. ಗೆರೆಯಾಚೆಗೆ ಹೆಣ್ಣು ಕೊಟ್ಟು ತಂದಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 1914ರಲ್ಲಿ ಪಶ್ಚಿಮಭಾಗವು ನ್ಯೂಜಿಲೆಂಡಿನ ಸೈನ್ಯದ ವಶವಾಯಿತು.

1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಹೊರಟ ‘ಟಲೂನ್’ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರನ್ನು ಸೇರಿತು. ಅದರಲ್ಲಿ ಇನ್‌ಫ್ಲುಯೆಂಜಾ ಪೀಡಿತರಿದ್ದರು. ಮಾರ್ಗದಲ್ಲಿ ಫಿಜಿಯಲ್ಲಿ ಈ ಹಡಗಿಗೆ ನಿರ್ಬಂಧ ವಿಧಿಸಲಾಗಿತ್ತು. ಆ ಸುದ್ದಿ ಮಾತ್ರ ಆಪಿಯಾದವರಿಗೆ ತಲುಪಿರಲಿಲ್ಲ. ರೋಗಿಗಳು ದಡಕ್ಕಿಳಿದರು. ಎರಡು ತಿಂಗಳೊಳಗೆ ಸುಮಾರು 8,500 ಮಂದಿ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ, ಮಡಿದರು. ಮನೆಮಂದಿಯೆಲ್ಲ ಮಲಗಿದಲ್ಲಿ ನೀರು ಕೊಡುವವರೂ ಇರಲಿಲ್ಲ. ಹಸಿವಿನಿಂದ ಸತ್ತವರೂ ಉಂಟು. ಶವಗಳನ್ನು ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು.

ಅಲ್ಲಿಂದ ನಲವತ್ತು ಮೈಲಿ ಕಡಲನ್ನು ದಾಟಿದರೆ ಅಮೆರಿಕನ್ ಸಮೋವಾ. ಅಲ್ಲಿ ಈ ಜ್ವರಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಅಲ್ಲಿನ ರಾಜ್ಯಪಾಲ ಜಾನ್ ಪಾಯರ್ ನಿಸ್ತಂತು ವಾರ್ತೆಯಿಂದ ವಿಷಯ ತಿಳಿದೊಡನೆ ಹಡಗುಗಳನ್ನು ತಡೆದನು. ಹಳ್ಳಿಗರೇ ದಡ ಕಾದು ಪಶ್ಚಿಮದಿಂದ ಬರುವ ದೋಣಿಗಳನ್ನು ಹಿಂದಿರುಗಿಸಿದರು. ಆ ದೋಣಿಗಳಲ್ಲಿ ಬರುತ್ತಿದ್ದವರು ನೆಂಟರೇ ಎಂಬುದನ್ನು ಮರೆಯಬಾರದು. ಈ ಕಾವಲು 1920ರವರೆಗೂ ನಡೆಯಿತು. ಎರಡು ಕಡೆಗೂ ಇದ್ದ ಕಡಲು ಒಂದೇ. ಒಂದು ಕಡೆಗೆ ಹಡಗಿಗಿಂತ ಮುಂಚೆ ಸುದ್ದಿ ತಲುಪಿತ್ತು, ಅದನ್ನು ನಂಬಿ ನಡೆದವನೊಬ್ಬನಿದ್ದ. ಆಪಿಯಾದ ಅನರ್ಥಕ್ಕಾಗಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಕ್ಷಮೆ ಕೇಳಿದ್ದು 2002ರಲ್ಲಿ!

ಸ್ವತಂತ್ರ ಸಮೋವಾಕ್ಕೂ ಪರೀಕ್ಷೆ ತಪ್ಪಲಿಲ್ಲ. 2018ರಲ್ಲಿ ಲಸಿಕೆಯ ಪುಡಿಗೆ ತಪ್ಪು ದ್ರವ ಬೆರೆತು ಎರಡು ಕೂಸುಗಳು ಸತ್ತವು. ತಾಯಂದಿರ ನಂಬಿಕೆ ಕುಸಿಯಿತು. ದಡಾರದ ಚುಚ್ಚುಮದ್ದು ಹಾಕಿಸುವುದು ಬಹುಮಟ್ಟಿಗೆ ನಿಂತಿತು. ಮರುವರ್ಷ ಬಂದ ದಡಾರಕ್ಕೆ 83 ಜನ ಬಲಿಯಾದರು. ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು. 2019ರ ಡಿಸೆಂಬರಿನಲ್ಲಿ ಎರಡು ದಿನ ಸರ್ಕಾರಿ ಕಚೇರಿಗಳನ್ನು ಮುಚ್ಚಿ, ಸಿಬ್ಬಂದಿಯನ್ನು ಮನೆಮನೆಗೆ ಕಳುಹಿಸಿದರು. ಚುಚ್ಚುಮದ್ದು ಆಗಬೇಕಾದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಅಪ್ಪಣೆಯಾಗಿತ್ತು. ಬೀದಿಬೀದಿಯಲ್ಲಿ ಕೆಂಪು ಬಟ್ಟೆಗಳು ತೂಗಾಡಿದವು.

ಕೆಲವೇ ತಿಂಗಳಲ್ಲಿ ಕೊರೋನಾ ತಲೆದೋರಿತು. ಈ ಬಾರಿ ಸಮೋವಾ ಕಾಯುತ್ತ ಕೂರದೆ 2020ರ ಮಾರ್ಚಿನಲ್ಲಿಯೇ ಗಡಿ ಮುಚ್ಚಿತು. ರೋಗವು ಊರೊಳಗೆ ಹರಡಿದ್ದು 2022ರ ಮಾರ್ಚಿನಲ್ಲಿ. ಅಷ್ಟರೊಳಗೆ ವಯಸ್ಕರಲ್ಲಿ ಬಹುಪಾಲು ಜನರಿಗೆ ಲಸಿಕೆ ಹಾಕಿಯಾಗಿತ್ತು. ಇದರ ಬೆಲೆಯನ್ನು ತೆತ್ತವರು ನ್ಯೂಜಿಲೆಂಡಿನ ತೋಟಗಳಿಗೆ ಕೂಲಿಗೆ ಹೋಗಿದ್ದವರು. ಸುಗ್ಗಿ ಮುಗಿದರೂ ಊರಿಗೆ ಮರಳುವ ವಿಮಾನಕ್ಕಾಗಿ ಅವರು ತಿಂಗಳುಗಟ್ಟಲೆ ಅಲ್ಲಿಯೇ ಕಾದರು.