ಎಂಟು ಬೈಟ್ ಕಲಿಸಿದ ಪಾಠ

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್. ವಿಂಡೋಸ್‌ನಲ್ಲಿ ಆ ಹೊತ್ತಿಗೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವುದು ನನ್ನ ಪಾಲಿನ ಕೆಲಸ. ಸಿ ಭಾಷೆಯಲ್ಲಿ ಬರೆದ ಕೋಡ್ ಒಂದೂ ಎರರ್ ಇಲ್ಲದೆ ಕಂಪೈಲ್ ಆಯಿತು. ರನ್ ಮಾಡಿದರೆ ಪರದೆ ಖಾಲಿ! ಡೆಮೊಗೆ ಉಳಿದಿದ್ದು ಎರಡೇ ದಿನ.

ಪಟ್ಟಿಯ ಮೊದಲ ಹೆಸರನ್ನು ಕೊಡುವುದು ವಿಂಡೋಸ್‌ನ ‘ಪ್ರೊಸೆಸ್32ಫಸ್ಟ್’ ಫಂಕ್ಷನ್. ವಿವರ ತುಂಬಿಸಲು ಅದಕ್ಕೆ ನಾವೊಂದು ಸ್ಟ್ರಕ್ಚರ್ ಒಪ್ಪಿಸಬೇಕು. ಆ ಸ್ಟ್ರಕ್ಚರ್‌ನ ಗಾತ್ರ ಎಷ್ಟು ಬೈಟ್ ಎಂಬುದನ್ನು ಅದರ ಮೊದಲ ಸದಸ್ಯನಲ್ಲಿ ನಾವೇ ಬರೆದಿರಬೇಕು. ಪಾತ್ರೆ ಎಷ್ಟು ಹಿಡಿಯುತ್ತದೆಂದು ಹಾಲಿನವನಿಗೆ ಮೊದಲೇ ಹೇಳಿದ ಹಾಗೆ.

ನಾನು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ತಲಾ ನಾಲ್ಕು ಬೈಟ್‌ನ ಒಂಬತ್ತು ಸದಸ್ಯರು, 36. ಫೈಲ್ ಹೆಸರಿಗೆ ಅಕ್ಷರಕ್ಕೊಂದು ಬೈಟ್‌ನಂತೆ 260. ಒಟ್ಟು 296. ಅದನ್ನೇ ಕೋಡ್‌ನಲ್ಲಿ ಬರೆದಿದ್ದೆ.

ಲ್ಯಾಬ್‌ನಲ್ಲಿದ್ದ ಸೀನಿಯರ್ ಅಕ್ಕ ಒಂದೇ ಪ್ರಶ್ನೆ ಕೇಳಿದರು: “ಸೈಜ್‌ಆಫ್ ಏನು ಹೇಳುತ್ತೆ, ನೋಡಿದ್ಯಾ?” ಪ್ರಿಂಟ್ ಮಾಡಿಸಿದೆ. 304!

ಎಂಟು ಬೈಟ್ ಹೆಚ್ಚಾಗಿದ್ದು ಎಲ್ಲಿಂದ? ನನ್ನ ಲೆಕ್ಕ 32 ಬಿಟ್ ಪ್ರೋಗ್ರಾಂಗೆ ಸರಿ. ನಾನು ಕಂಪೈಲ್ ಮಾಡಿದ್ದು 64 ಬಿಟ್‌ಗೆ. ಅಲ್ಲಿ ನಾಲ್ಕನೇ ಸದಸ್ಯನ ಗಾತ್ರ ಪಾಯಿಂಟರ್‌ನಷ್ಟು, ಅಂದರೆ 8 ಬೈಟ್. ಅದು 8ರಿಂದ ಭಾಗವಾಗುವ ಜಾಗದಲ್ಲೇ ಶುರುವಾಗಬೇಕು. ಅದರ ಹಿಂದಿರುವುದು 12 ಬೈಟ್. ಹಾಗಾಗಿ ಕಂಪೈಲರ್ ನಡುವೆ 4 ಬೈಟ್ ಖಾಲಿ ಬಿಡುತ್ತದೆ. ಇದೇ ಪ್ಯಾಡಿಂಗ್. ದೊಡ್ಡದಾದ ಸದಸ್ಯನಿಂದ 4, ಪ್ಯಾಡಿಂಗ್‌ನಿಂದ 4.

ಗಾತ್ರ ಕಡಿಮೆ ಕಂಡದ್ದೇ ವಿಂಡೋಸ್ ಕೆಲಸ ಮಾಡಲು ಒಪ್ಪಿರಲಿಲ್ಲ. ಹಾಗೆಂದು ರಿಟರ್ನ್ ವ್ಯಾಲ್ಯೂನಲ್ಲಿ ಹೇಳಿಯೂ ಇತ್ತು. ಅದನ್ನು ಪರೀಕ್ಷಿಸದೇ ಇದ್ದದ್ದು ನನ್ನ ಎರಡನೇ ತಪ್ಪು. ಒಪ್ಪದಿದ್ದದ್ದೇ ಒಳ್ಳೆಯದು ಅನ್ನಿ. ನಿಜವಾಗಿಯೂ ಚಿಕ್ಕದಾದ ಜಾಗಕ್ಕೆ ಹೆಚ್ಚು ಮಾಹಿತಿ ಸುರಿದರೆ ಪಕ್ಕದ ಮೆಮೊರಿ ಕೆಡುತ್ತದೆ. ಅಂಥ ತಪ್ಪು ಎಲ್ಲೋ ಆಗಿ, ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ.

296 ಅಳಿಸಿ ಸೈಜ್‌ಆಫ್ ಬರೆದೆ. ಪಟ್ಟಿ ಸರಸರನೆ ಇಳಿದು ಬಂತು.

ನೀವೂ ಒಮ್ಮೆ ಮಾಡಿ ನೋಡಿ. ಕ್ಯಾರ್, ಇಂಟ್, ಕ್ಯಾರ್ ಎಂಬ ಕ್ರಮದ ಸ್ಟ್ರಕ್ಚರ್‌ಗೆ 6 ಬೈಟ್ ಸಾಕು ಅನ್ನಿಸುತ್ತದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಉತ್ತರ 12. ಇಂಟ್ ಅನ್ನು ಮೊದಲಿಗೆ ತಂದರೆ 8ಕ್ಕೆ ಇಳಿಯುತ್ತದೆ. ಕ್ಯಾಂಪಸ್ ಸಂದರ್ಶನದಲ್ಲಿ ಇದನ್ನು ಕೇಳಿದರೆ ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗಬೇಡಿ, ಕಾರಣವನ್ನೂ ಹೇಳಿ.

ಕೋಡ್ ಬರೆಯುವಾಗ ಮಾತ್ರ ಬೆರಳೆಣಿಕೆ ಬೇಡ. ಗಾತ್ರ ಗೊತ್ತಿರುವುದು ಕಂಪೈಲರ್‌ಗೆ, ಅದನ್ನೇ ಕೇಳಿ.